ಹಳೇ ಪಿಕಪ್‌ನ ಕ್ಯಾಬಿನ್ ಬುಷ್ ಬದಲಿಸುವುದು ಹೇಗೆ

ಹಂಪ್ ಇಳಿದಾಗ ಕಾಲಡಿಯಲ್ಲಿ ಧಡ್ ಅನ್ನುವ ಸದ್ದು. ಎತ್ತಿ ತಳ್ಳಿದರೆ ಮಾತ್ರ ಕೂರುವ ಬಾಗಿಲು. ಗುಂಡಿ ರಸ್ತೆಯಲ್ಲಿ ಚಾಸಿ ಒಂದು ಕಡೆ ವಾಲಿದರೆ ಒಂದು ಗಳಿಗೆ ತಡವಾಗಿ ಅದರ ಹಿಂದೆ ಬರುವ ಕ್ಯಾಬಿನ್. ಹತ್ತು ಹದಿನೈದು ವರ್ಷ ಓಡಿದ ಬೊಲೆರೊ ಪಿಕಪ್ಪೋ ಟಾಟಾ 207ಓ ಇಟ್ಟುಕೊಂಡವರಿಗೆ ಇದೆಲ್ಲ ಗೊತ್ತಿರುವುದೇ. "ಹಳೇ ಗಾಡಿ ಅಲ್ವಾ, ಇರುತ್ತೆ ಬಿಡಿ" ಅಂತ ಸುಮ್ಮನಾಗುತ್ತಾರೆ. ಆಮೇಲೆ ಶಾಕ್ ಅಬ್ಸಾರ್ಬರ್ ಹಾಕಿಸುತ್ತಾರೆ, ಸ್ಪ್ರಿಂಗ್ ಪ್ಲೇಟ್ ಬಿಚ್ಚಿಸುತ್ತಾರೆ, ಬಾಗಿಲಿನ ಹಿಂಜ್ ಬಗ್ಗಿಸಿ ನೋಡುತ್ತಾರೆ. ಸದ್ದು ಮಾತ್ರ ಹಾಗೇ ಇರುತ್ತದೆ. ಬಹಳ ಸಲ ಇದರ ಮೂಲ ಇರುವುದು ಯಾರೂ ಬಗ್ಗಿ ನೋಡದ ಜಾಗದಲ್ಲಿ, ಅಂದರೆ ಕ್ಯಾಬಿನ್ನಿಗೂ ಚಾಸಿಗೂ ನಡುವೆ ಕೂತಿರುವ ರಬ್ಬರ್ ಬುಷ್‌ಗಳಲ್ಲಿ.

ದಿನಕ್ಕೆ ಎಂಟು ಹತ್ತು ಗಂಟೆ ಆ ಸೀಟಿನಲ್ಲಿ ಕೂರುವವರ ಸೊಂಟದ ವಿಷಯ ಇದು, ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ಮನೆ ಮುಂದಿನ ಗಟ್ಟಿ ನೆಲದಲ್ಲಿ, ಕೈಗೆ ಸ್ಪ್ಯಾನರ್ ಹಿಡಿದು ಅಭ್ಯಾಸ ಇರುವ ಇಬ್ಬರು ಸೇರಿದರೆ ಮಾಡಬಹುದಾದ ಕೆಲಸ. ಒಂದು ಮಾತು ಮೊದಲೇ ತಿಳಿದಿರಲಿ. ಬುಷ್ ಹಾಕುವುದು ಇದರಲ್ಲಿ ಅತ್ಯಂತ ಸುಲಭದ ಭಾಗ. ತುಕ್ಕು ಹಿಡಿದ ಬೋಲ್ಟು ಮುರಿಯದೆ ಬಿಚ್ಚುವುದು, ಕ್ಯಾಬಿನ್ ಎತ್ತುವಾಗ ಪೈಪು ವೈರುಗಳನ್ನು ಕಾಪಾಡುವುದು, ಚಾಸಿಯಲ್ಲಿ ಬುಷ್ ಕೂರುವ ಬ್ರಾಕೆಟ್ಟನ್ನು ಸರಿಯಾಗಿ ನೋಡುವುದು, ನಿಜವಾದ ಕೆಲಸ ಇರುವುದು ಈ ಮೂರರಲ್ಲಿ.

ಒಳಗೆ ಏನೇನಿರುತ್ತದೆ

ಆಲ್ಟೊದಂಥ ಕಾರುಗಳಲ್ಲಿ ಬಾಡಿಯೇ ಚಾಸಿ. ಪಿಕಪ್‌ನಲ್ಲಿ ಹಾಗಲ್ಲ. ಕೆಳಗೆ ಏಣಿಯಂಥ ಚಾಸಿ, ಅದರ ಮೇಲೆ ಮುಂದೆ ಕ್ಯಾಬಿನ್, ಹಿಂದೆ ಲೋಡ್ ಬಾಡಿ, ಎರಡೂ ಬೇರೆ ಬೇರೆ. ಲೋಡು ಹೊತ್ತು ಹೊಲದ ದಾರಿಯಲ್ಲಿ ಹೋಗುವಾಗ ಚಾಸಿ ತಿರುಚಿಕೊಳ್ಳುತ್ತದೆ, ತಿರುಚಿಕೊಳ್ಳಲೇಬೇಕು. ಆ ತಿರುಚು ಕ್ಯಾಬಿನ್ನಿನ ತಗಡಿಗೆ ಹೋಗದ ಹಾಗೆ, ಎಂಜಿನ್ನಿನ ನಡುಕ ಸೀಟಿಗೆ ಬರದ ಹಾಗೆ ತಡೆಯುವುದು ಈ ಬುಷ್‌ಗಳು.

ಸಾಮಾನ್ಯವಾಗಿ ಒಂದೊಂದು ಜಾಗದಲ್ಲೂ ಎರಡು ರಬ್ಬರ್ ಇರುತ್ತವೆ. ದಪ್ಪನೆಯದು ಬ್ರಾಕೆಟ್ಟಿನ ಮೇಲೆ, ಕ್ಯಾಬಿನ್ನಿನ ಭಾರ ಹೊರುವುದು ಅದು. ತೆಳ್ಳಗಿನದು ಬ್ರಾಕೆಟ್ಟಿನ ಕೆಳಗೆ, ಕ್ಯಾಬಿನ್ ಮೇಲಕ್ಕೆ ಹಾರದಂತೆ ಹಿಡಿಯುವುದು ಅದರ ಕೆಲಸ. ನಡುವೆ ಒಂದು ಕಬ್ಬಿಣದ ಕೊಳವೆ, ಅಂದರೆ ಸ್ಲೀವ್. ಕೆಳಗೆ ಬಟ್ಟಲಿನ ಆಕಾರದ ವಾಷರ್, ಎಲ್ಲದರ ಮೂಲಕ ಒಂದು ಉದ್ದನೆಯ ಬೋಲ್ಟು. ಆ ಸ್ಲೀವ್ ಇರುವುದೇ ರಬ್ಬರ್ ಎಷ್ಟು ಒತ್ತಿಕೊಳ್ಳಬೇಕು ಅಂತ ತೀರ್ಮಾನಿಸಲಿಕ್ಕೆ. ಬೋಲ್ಟು ಬಿಗಿದಾಗ ವಾಷರ್ ಬಂದು ಸ್ಲೀವಿಗೆ ತಾಗಿ ನಿಲ್ಲುತ್ತದೆ, ರಬ್ಬರ್ ಅದಕ್ಕಿಂತ ಜಾಸ್ತಿ ಹಿಚುಕಿಕೊಳ್ಳುವುದಿಲ್ಲ. ಇದನ್ನು ನೆನಪಿಡಿ, ಕೊನೆಗೆ ಬೇಕಾಗುತ್ತದೆ.

ರಬ್ಬರ್ ಹಾಳಾಗುವುದು ಊರೂರಿಗೆ ಒಂದೊಂದು ಥರ. ಕೋಲಾರದ ಟೊಮೆಟೊ ಗಾಡಿಗಳಲ್ಲಿ, ಬಳ್ಳಾರಿ ಕಡೆ ಧೂಳಿನಲ್ಲಿ ಓಡುವವುಗಳಲ್ಲಿ ರಬ್ಬರ್ ಒಣಗಿ ಬಿರುಕು ಬಿಡುತ್ತದೆ, ಆದರೆ ಬೋಲ್ಟು ಅಷ್ಟಾಗಿ ಕಾಡುವುದಿಲ್ಲ. ಚಿಕ್ಕಮಗಳೂರು, ಕೊಡಗಿನ ತೋಟದ ದಾರಿಯ ಗಾಡಿಗಳಲ್ಲಿ ಬ್ರಾಕೆಟ್ಟಿನ ಮೂಲೆಯಲ್ಲಿ ಮಣ್ಣು ಮೆತ್ತಿಕೊಂಡು ಮಳೆಗಾಲ ಪೂರ್ತಿ ಒದ್ದೆಯಾಗೇ ಇರುತ್ತದೆ. ಮಲ್ಪೆ, ಮಂಗಳೂರು, ಕಾರವಾರದಲ್ಲಿ ಮೀನು ಹೊರುವ ಗಾಡಿಗಳದ್ದು ಬೇರೆಯೇ ಕಥೆ. ಐಸ್ ಕರಗಿದ ಉಪ್ಪುನೀರು ಚಾಸಿ ಮೇಲೆ ಸುರಿಯುತ್ತಲೇ ಇರುತ್ತದೆ. ಅಲ್ಲಿ ರಬ್ಬರಿಗಿಂತ ಮೊದಲು ಕಬ್ಬಿಣ ಹೋಗಿರುತ್ತದೆ, ಅಂಥ ಗಾಡಿಯವರು ಕೆಳಗೆ ಬ್ರಾಕೆಟ್ ಬಗ್ಗೆ ಬರೆದಿರುವ ಭಾಗ ಓದದೆ ಒಂದು ಬೋಲ್ಟೂ ಮುಟ್ಟಬೇಡಿ.

ಬುಷ್ಷೇ ಹೋಗಿದೆ ಅಂತ ಹೇಗೆ ಗೊತ್ತಾಗುತ್ತದೆ

ಗಾಡಿ ಸಮನಾದ ಜಾಗದಲ್ಲಿ ನಿಲ್ಲಿಸಿ. ಪಕ್ಕದಲ್ಲಿ ನಿಂತು ಕ್ಯಾಬಿನ್ನಿನ ಹಿಂಗೋಡೆಗೂ ಲೋಡ್ ಬಾಡಿಗೂ ನಡುವಿನ ಸಂದು ನೋಡಿ. ಎಡಗಡೆ ಎಷ್ಟಿದೆ, ಬಲಗಡೆ ಎಷ್ಟಿದೆ, ಮೇಲೆ ಎಷ್ಟು, ಕೆಳಗೆ ಎಷ್ಟು. ಟೇಪ್ ಹಿಡಿದು ಅಳೆದು ಬರೆದಿಡಿ, ಫೋಟೊ ತೆಗೆದಿಡಿ. ಡ್ರೈವರ್ ಕಡೆ ಕ್ಯಾಬಿನ್ ಕುಸಿದಿರುವುದು ಬಹಳ ಗಾಡಿಗಳಲ್ಲಿ ಕಣ್ಣಿಗೇ ಕಾಣುತ್ತದೆ.

ಆಮೇಲೆ ಟಾರ್ಚ್ ಹಿಡಿದು ಕೆಳಗೆ ಮಲಗಿ ಒಂದೊಂದೇ ಮೌಂಟಿಂಗ್, ಅಂದರೆ ಬುಷ್ ಕೂತಿರುವ ಜಾಗ, ನೋಡಿ. ಎಷ್ಟಿವೆ ಅಂತ ಎಣಿಸಿಕೊಳ್ಳಿ, ಮಾಡೆಲ್ ಮೇಲೆ ಬೇರೆ ಬೇರೆ ಇರುತ್ತದೆ. ರೇಡಿಯೇಟರ್ ಹಿಡಿದಿರುವ ಮುಂದಿನ ಭಾಗದ ಕೆಳಗೂ ಕೆಲವು ಗಾಡಿಗಳಲ್ಲಿ ಇರುತ್ತವೆ, ಅದನ್ನು ಮರೆಯುವವರು ಜಾಸ್ತಿ. ಹೋದ ಬುಷ್ ಬಿಸಿಲಲ್ಲಿ ಬಿಟ್ಟ ಹವಾಯಿ ಚಪ್ಪಲಿಯ ಹಿಮ್ಮಡಿಯ ಹಾಗೆ ಚಪ್ಪಟೆಯಾಗಿ, ಅಂಚಿನಲ್ಲಿ ಸೀಳಿಕೊಂಡು, ಉಗುರಿನಲ್ಲಿ ಕೆರೆದರೆ ಕಪ್ಪು ಪುಡಿ ಉದುರುವಂತೆ ಇರುತ್ತದೆ. ಬ್ರಾಕೆಟ್ಟಿನ ಮೇಲೆ ಎಲ್ಲಾದರೂ ತುಕ್ಕು ಮಣ್ಣು ಏನೂ ಇಲ್ಲದೆ ಬೆಳ್ಳಗೆ ಹೊಳೆಯುವ ಕಲೆ ಕಂಡರೆ ಅಲ್ಲಿಗೆ ಲೆಕ್ಕ ಮುಗಿಯಿತು. ಅದು ಕ್ಯಾಬಿನ್ನಿನ ಕಬ್ಬಿಣ ಚಾಸಿಯ ಕಬ್ಬಿಣಕ್ಕೆ ಹೊಡೆಯುತ್ತಿರುವ ಜಾಗ. ನೀವು ಕೇಳುತ್ತಿರುವ ಧಡ್ ಸದ್ದು ಅದೇ.

ಇನ್ನೂ ಅನುಮಾನ ಇದ್ದರೆ ಉದ್ದನೆಯ ರಾಡೊಂದನ್ನು ಚಾಸಿಗೂ ಕ್ಯಾಬಿನ್ನಿನ ತಳದ ಗಟ್ಟಿ ಪಟ್ಟಿಗೂ ನಡುವೆ ಕೊಟ್ಟು ಮೆಲ್ಲಗೆ ಮೀಟಿ. ಒಳ್ಳೆಯ ಬುಷ್ ಒಂಚೂರು ಬಿಟ್ಟು ಮತ್ತೆ ಹಿಡಿದುಕೊಳ್ಳುತ್ತದೆ. ಹೋದದ್ದು ಟಕ್ ಅಂತ ಎದ್ದು ಟಕ್ ಅಂತ ಬೀಳುತ್ತದೆ. ಇದೇ ಹೊತ್ತಿಗೆ ಶಾಕ್ ಅಬ್ಸಾರ್ಬರ್ ಬುಷ್, ಸ್ಪ್ರಿಂಗ್ ಪ್ಲೇಟಿನ ಶಾಕಲ್, ಎಂಜಿನ್ ಮೌಂಟಿಂಗ್ ಕೂಡ ಮೀಟಿ ನೋಡಿಬಿಡಿ. ಸದ್ದು ಅಲ್ಲಿಂದ ಬರುತ್ತಿದ್ದರೆ ಕ್ಯಾಬಿನ್ ಎತ್ತುವ ಕಷ್ಟ ತಪ್ಪುತ್ತದೆ.

ಬಾಗಿಲು ಕೂರುವುದಿಲ್ಲ ಅಂತ ಹಿಂಜ್ ಮುಟ್ಟಬೇಡಿ, ಈಗಲೇ ಬೇಡ. ಕ್ಯಾಬಿನ್ ಒಂದು ಮೂಲೆಯಲ್ಲಿ ಕುಸಿದು ಬಾಗಿಲ ಚೌಕಟ್ಟು ಓರೆಯಾಗಿರುತ್ತದೆ. ಆ ಓರೆಗೆ ಹಿಂಜ್ ಹೊಂದಿಸಿದರೆ, ಬುಷ್ ಹಾಕಿದ ಮೇಲೆ ಚೌಕಟ್ಟು ನೆಟ್ಟಗಾಗಿ ಬಾಗಿಲು ಮತ್ತೆ ತಪ್ಪುತ್ತದೆ.

ಯಾವ ಬುಷ್ ತರಬೇಕು

ಒಂದೇ ಒಂದು ಬುಷ್ ಹರಿದಿದ್ದರೂ ಪೂರ್ತಿ ಸೆಟ್ ತನ್ನಿ. ಹೊಸದೊಂದನ್ನು ನಾಲ್ಕು ಹಳೆಯದರ ನಡುವೆ ಹಾಕಿದರೆ ಆ ಮೂಲೆ ಮಾತ್ರ ಎದ್ದು ನಿಲ್ಲುತ್ತದೆ, ಕ್ಯಾಬಿನ್ ತಿರುಚಿಕೊಳ್ಳುತ್ತದೆ, ಮುಂದಿನ ಗಾಜಿನ ಮೂಲೆಗೆ ಒತ್ತಡ ಬೀಳುತ್ತದೆ.

ಕಂಪನಿ ರಬ್ಬರ್ ಸಿಕ್ಕರೆ ಅದೇ ಒಳ್ಳೆಯದು. ಬೆಂಗಳೂರಿನಲ್ಲಾದರೆ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಬಹುದು, ಉಳಿದ ಊರುಗಳಲ್ಲಿ ಹಳೇ ಗಾಡಿ ಸ್ಪೇರ್ ಇಡುವ ಅಂಗಡಿ ಒಂದಾದರೂ ಇರುತ್ತದೆ. ಬರೀ ಮಾಡೆಲ್ ಹೆಸರು ಹೇಳಿದರೆ ಸಾಲದು, ಇಸವಿ ಹೇಳಿ, ಆರ್‌ಸಿ ತೋರಿಸಿ. ಸಾಧ್ಯವಾದರೆ ಸುಲಭಕ್ಕೆ ಬರುವ ಒಂದು ಮೌಂಟಿಂಗ್‌ನ ಕೆಳಗಿನ ರಬ್ಬರ್ ಬಿಚ್ಚಿಕೊಂಡು ಹೋಗಿ ಪಕ್ಕದಲ್ಲಿಟ್ಟು ಹೊಂದಿಸಿ. ಮುಂದಿನದು, ಹಿಂದಿನದು ಒಂದೇ ಅಳತೆ ಅಂತ ಅಂದುಕೊಳ್ಳಬೇಡಿ. ಸ್ಲೀವ್, ವಾಷರ್, ಬೋಲ್ಟು ಕೂಡ ಹೊಸದೇ ತನ್ನಿ. ಬೋಲ್ಟಿನ ತಲೆಯ ಮೇಲೆ 8.8 ಅಂತ ಇರಬೇಕು, ಏನೂ ಬರೆಯದ ಮೆತ್ತನೆ ಬೋಲ್ಟು ಕ್ಯಾಬಿನ್ನಿಗೆ ಬೇಡ.

ಪಿಯು (ಪಾಲಿಯುರೆಥೇನ್) ಬುಷ್ ಅಂತ ಕೆಂಪು, ಹಳದಿ ಬಣ್ಣದವು ಸಿಗುತ್ತವೆ. ಅವು ರಬ್ಬರಿಗಿಂತ ಗಟ್ಟಿ, ಎಣ್ಣೆ ತಾಗಿದರೂ ಉಬ್ಬುವುದಿಲ್ಲ, ಬಾಳಿಕೆ ಜಾಸ್ತಿ. ಆದರೆ ಎಂಜಿನ್ ನಡುಕ ನೇರವಾಗಿ ಸೀಟಿಗೆ, ಸ್ಟೀರಿಂಗಿಗೆ ಬರುತ್ತದೆ. ಡೀಸೆಲ್ ಗಾಡಿಯಲ್ಲಿ ದಿನವಿಡೀ ದುಡಿಯುವವರಿಗೆ ನಾನು ರಬ್ಬರನ್ನೇ ಹೇಳುತ್ತೇನೆ. ಬೆಟ್ಟಗುಡ್ಡ ಹತ್ತಿಸುವ ಹವ್ಯಾಸಕ್ಕೆ ಗಾಡಿ ಇಟ್ಟವರು ಬೇಕಿದ್ದರೆ ಪಿಯು ನೋಡಲಿ.

ಇನ್ನು ಟಯರ್ ತುಂಡು. ಹಳೇ ಲಾರಿ ಟಯರ್ ಅಥವಾ ಬೆಲ್ಟ್ ಕತ್ತರಿಸಿ, ನಡುವೆ ತೂತು ಹೊಡೆದು ಬುಷ್ ಜಾಗಕ್ಕೆ ಇಡುವುದು ನಮ್ಮಲ್ಲಿ ಹಳೇ ಪದ್ಧತಿ. ದಾರಿಯಲ್ಲಿ ಬುಷ್ ಹರಿದುಹೋದಾಗ ಮನೆ ಸೇರಲು ಪರವಾಗಿಲ್ಲ. ಖಾಯಂ ಆಗಿ ಬೇಡ. ಟಯರಿನೊಳಗೆ ನೈಲಾನ್ ದಾರ, ತಂತಿ ಇರುತ್ತದೆ, ಅದು ಒತ್ತಿಕೊಂಡು ಹಿಗ್ಗುವ ವಸ್ತುವೇ ಅಲ್ಲ. ಒಂದು ತುಂಡಿನ ದಪ್ಪ ಇನ್ನೊಂದಕ್ಕೆ ಬರುವುದಿಲ್ಲ. ಸ್ಲೀವ್ ಕೂಡ ಹಾಕಿರುವುದಿಲ್ಲ, ಹಾಗಾಗಿ ಬೋಲ್ಟು ಎಷ್ಟು ಬಿಗಿದರೂ ಸ್ವಲ್ಪ ದಿನಕ್ಕೆ ಸಡಿಲ.

ಬೋಲ್ಟಿಗೆ ಮೊದಲೇ ಎಣ್ಣೆ ಕುಡಿಸಿ

ಕೆಲಸಕ್ಕೆ ಎರಡು ಮೂರು ದಿನ ಮೊದಲೇ ಶುರು ಮಾಡಿ. ತಂತಿ ಬ್ರಷ್‌ನಿಂದ ಬೋಲ್ಟಿನ ತಲೆ, ಕಾಣುವ ತಿರುಪು ಎಲ್ಲ ಉಜ್ಜಿ ಮಣ್ಣು ತೆಗೆಯಿರಿ. ಆಮೇಲೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಿರಿ, ಬೆಳಿಗ್ಗೆ ಒಮ್ಮೆ ರಾತ್ರಿ ಒಮ್ಮೆ. ಕ್ಯಾಬಿನ್ ಒಳಗೆ ಮ್ಯಾಟ್ ಎತ್ತಿದರೆ ಕೆಲವು ಗಾಡಿಗಳಲ್ಲಿ ನೆಲದಲ್ಲಿ ರಬ್ಬರ್ ಬಿರಡೆ ಕಾಣುತ್ತದೆ. ಅದನ್ನು ಕಿತ್ತರೆ ಬೋಲ್ಟಿನ ಮೇಲ್ತುದಿ ಸಿಗುತ್ತದೆ. ಅಲ್ಲಿಂದಲೂ ಎಣ್ಣೆ ಬಿಡಿ, ಮೇಲಿಂದ ಬಿಟ್ಟದ್ದು ತಿರುಪಿನ ಉದ್ದಕ್ಕೂ ಇಳಿಯುತ್ತದೆ. ಹಳೇ ರಬ್ಬರ್ ಹೇಗೂ ಎಸೆಯುವುದೇ, ಎಣ್ಣೆ ತಾಗಿದರೆ ಚಿಂತೆ ಇಲ್ಲ.

ಬಿಚ್ಚುವ ದಿನ ತೆರೆದ ಬಾಯಿಯ ಸ್ಪ್ಯಾನರ್ ಹಾಕಬೇಡಿ, ತಲೆ ಉರುಟಾಗುತ್ತದೆ. ಆರು ಮೂಲೆಯ ಬಾಕ್ಸ್ ಸ್ಪ್ಯಾನರ್ ಬೇಕು, ಗಟ್ಟಿ ಕೂರುವಂಥದ್ದು. ಮೊದಲು ಒಂಚೂರು ಬಿಗಿಯುವ ಕಡೆಗೇ ತಿರುಗಿಸಿ. ತುಕ್ಕು ಟಕ್ ಅಂತ ಒಡೆದ ಸದ್ದು ಬರುತ್ತದೆ. ಆಮೇಲೆ ಬಿಚ್ಚುವ ಕಡೆ ಅರ್ಧ ಸುತ್ತು, ಮತ್ತೆ ಕಾಲು ಸುತ್ತು ಹಿಂದಕ್ಕೆ, ಸ್ಪ್ರೇ, ಮತ್ತೆ ಅರ್ಧ ಸುತ್ತು. ಹೀಗೆ ಹಿಂದೆ ಮುಂದೆ ಮಾಡುತ್ತಾ ಬಂದರೆ ಬರುತ್ತದೆ. ಪೈಪ್ ಹಾಕಿ ಒಂದೇ ಸಲ ಎಳೆದರೆ ಬೋಲ್ಟು ತಿರುಚಿಕೊಂಡು ಮುರಿಯುತ್ತದೆ, ಅಥವಾ ಅದಕ್ಕಿಂತ ಕೆಟ್ಟದ್ದು, ಕ್ಯಾಬಿನ್ ತಳದೊಳಗೆ ವೆಲ್ಡ್ ಮಾಡಿ ಕೂರಿಸಿದ ನಟ್ಟು ಕಿತ್ತುಕೊಂಡು ಬೋಲ್ಟಿನ ಜೊತೆ ಸುತ್ತಲು ಶುರು ಮಾಡುತ್ತದೆ.

ನಟ್ಟು ಸುತ್ತುತ್ತಿದೆ ಅಂತ ಗೊತ್ತಾದ ಕೂಡಲೇ ನಿಲ್ಲಿಸಿ. ಬೋಲ್ಟು ಬಿಚ್ಚುವ ಇಂಪ್ಯಾಕ್ಟ್ ಗನ್ ಹಾಕಿ ಇನ್ನಷ್ಟು ಸುತ್ತಿಸಿದರೆ ತಗಡೇ ಹರಿಯುತ್ತದೆ. ಒಳಗೆ ಸೀಟು, ಮ್ಯಾಟ್ ತೆಗೆದು ನಟ್ಟಿನ ನೇರಕ್ಕೆ ನೆಲದ ತಗಡನ್ನು ಮೂರು ಕಡೆ ಮಾತ್ರ ಕತ್ತರಿಸಿ, ಮುಚ್ಚಳದ ಹಾಗೆ ಎತ್ತಿ, ನಟ್ಟನ್ನು ಸ್ಪ್ಯಾನರಿನಲ್ಲಿ ಹಿಡಿದು ಬಿಚ್ಚಬೇಕು. ಹೊಸ ನಟ್ಟು ಕೂರಿಸಿ ಮುಚ್ಚಳ ಮಡಚಿ ವೆಲ್ಡ್ ಮಾಡಿ, ಬಣ್ಣ ಹೊಡೆದು, ಅಂಚಿಗೆ ಸೀಲಂಟ್ ಹಾಕಿದರೆ ನೀರು ಬರುವುದಿಲ್ಲ. ಕತ್ತರಿಸುವ ಮೊದಲು ಅದರ ಕೆಳಗೆ ಏನು ಹಾದುಹೋಗಿದೆ ಅಂತ ಬಗ್ಗಿ ನೋಡಿರಬೇಕು.

ಗ್ಯಾಸ್ ಬೆಂಕಿ ಕೊಟ್ಟು ಬೋಲ್ಟು ಕಾಯಿಸುವುದು ಕೊನೆಯ ದಾರಿ. ಪಕ್ಕದಲ್ಲೇ ಬ್ರೇಕ್ ಪೈಪ್, ಡೀಸೆಲ್ ಪೈಪ್ ಇರುತ್ತದೆ, ಮೇಲೆ ಮ್ಯಾಟ್ ಇರುತ್ತದೆ, ನಡುವೆ ಎಣ್ಣೆ ಕುಡಿದ ರಬ್ಬರ್. ಅದರ ಬದಲು ರಬ್ಬರನ್ನು ಚಾಕುವಿನಿಂದ ಸೀಳಿ ತೆಗೆದು, ಸಿಕ್ಕ ಸಂದಿನಲ್ಲಿ ಹ್ಯಾಕ್ಸಾ ಬ್ಲೇಡ್ ತೂರಿಸಿ ಬೋಲ್ಟನ್ನೇ ಕೊಯ್ಯುವುದು ಒಳ್ಳೆಯದು. ಹೊತ್ತು ಹಿಡಿಯುತ್ತದೆ, ಆದರೆ ಗಾಡಿ ಸುಡುವುದಿಲ್ಲ. ನಟ್ಟಿನೊಳಗೆ ಉಳಿದ ತುಂಡಿಗೆ ನಡುವೆ ಸರಿಯಾಗಿ ಪಂಚ್ ಹೊಡೆದು, ಸಣ್ಣ ಬಿಟ್‌ನಿಂದ ಶುರು ಮಾಡಿ, ದೊಡ್ಡದಕ್ಕೆ ಹೋಗಿ ಕೊರೆದು, ಟ್ಯಾಪ್ ಹಾಕಿ ತಿರುಪು ಸರಿ ಮಾಡಬೇಕು.

ಎತ್ತುವ ಮೊದಲು ಏನೇನು ಸಡಿಲ ಮಾಡಬೇಕು

ಬ್ಯಾಟರಿಯ ಮೈನಸ್ ತೆಗೆಯಿರಿ. ಹಿಂದಿನ ಚಕ್ರಗಳಿಗೆ ಮುಂದೂ ಹಿಂದೂ ಕಲ್ಲು ಕೊಡಿ, ಗೇರ್‌ನಲ್ಲಿ ಬಿಡಿ. ಲೋಡ್ ಇರಬಾರದು.

ಕ್ಯಾಬಿನ್ನು ನಾಲ್ಕು ಐದು ಸೆಂಟಿಮೀಟರ್ ಎದ್ದರೆ ಸಾಕು, ಅದಕ್ಕಿಂತ ಜಾಸ್ತಿ ಬೇಕಿಲ್ಲ. ಆದರೆ ಆ ನಾಲ್ಕು ಐದು ಸೆಂಟಿಮೀಟರ್ ಎಳೆತಕ್ಕೆ ಯಾವುದು ತಡೆಯುವುದಿಲ್ಲ ಅನ್ನುವುದನ್ನು ಒಂದೊಂದಾಗಿ ಕೈಯಿಟ್ಟು ನೋಡಬೇಕು. ಬ್ರೇಕ್ ಮಾಸ್ಟರ್ ಸಿಲಿಂಡರ್ ಇರುವುದು ಕ್ಯಾಬಿನ್ನಿನ ಗೋಡೆಗೆ, ಅಲ್ಲಿಂದ ಇಳಿಯುವ ಪೈಪ್ ಹೋಗುವುದು ಚಾಸಿಗೆ. ಆ ಪೈಪನ್ನು ಹಿಡಿದ ಕ್ಲಿಪ್‌ಗಳನ್ನು ಬಿಚ್ಚಿದರೆ ಅದಕ್ಕೆ ಬಾಗಲು ಜಾಗ ಸಿಗುತ್ತದೆ. ಕ್ಲಚ್ ಪೈಪ್ ಅಥವಾ ಕೇಬಲ್ಲೂ ಹಾಗೇ. ಸ್ಟೀರಿಂಗ್ ಚಕ್ರ ಕ್ಯಾಬಿನ್ನಿನಲ್ಲಿ, ಸ್ಟೀರಿಂಗ್ ಬಾಕ್ಸ್ ಚಾಸಿಯಲ್ಲಿ. ನಡುವಿನ ಶಾಫ್ಟ್ ಉದ್ದಕ್ಕೆ ಜಾರುವಂತಿದ್ದರೆ ತೊಂದರೆ ಇಲ್ಲ. ಜಾರದಿದ್ದರೆ ಜಾಯಿಂಟಿನ ಬೋಲ್ಟು ತೆಗೆದು ಬಿಡಿಸಿ, ಅದಕ್ಕೂ ಮೊದಲು ಶಾಫ್ಟಿಗೂ ಜಾಯಿಂಟಿಗೂ ಅಡ್ಡಲಾಗಿ ಬಣ್ಣದ ಒಂದು ಗೆರೆ ಎಳೆದಿರಬೇಕು, ಇಲ್ಲದಿದ್ದರೆ ಮತ್ತೆ ಹಾಕುವಾಗ ಸ್ಟೀರಿಂಗ್ ಓರೆ ಬರುತ್ತದೆ.

ಗೇರ್ ಲಿವರ್ ಸುತ್ತಲಿನ ರಬ್ಬರ್ ಬೂಟನ್ನು ನೆಲದಿಂದ ಬಿಡಿಸಿ. ಹ್ಯಾಂಡ್‌ಬ್ರೇಕ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಹಳೇ ಮಾಡೆಲ್ಲಾದರೆ ಮೀಟರ್ ಕೇಬಲ್, ವೈರಿಂಗ್ ಕಟ್ಟು, ಕ್ಯಾಬಿನ್ನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿ, ಇಷ್ಟನ್ನೂ ಎಳೆದು ನೋಡಿ. ಇನ್ನೊಂದು ಜಾಗ ರೇಡಿಯೇಟರ್. ರೇಡಿಯೇಟರ್ ಕ್ಯಾಬಿನ್ನಿನ ಮುಂಭಾಗಕ್ಕೆ ಕೂತಿದ್ದರೆ ಕ್ಯಾಬಿನ್ ಜೊತೆ ಅದೂ ಏಳುತ್ತದೆ, ಫ್ಯಾನ್ ಮಾತ್ರ ಎಂಜಿನ್ನಿನಲ್ಲೇ ಇರುತ್ತದೆ. ಫ್ಯಾನಿನ ಸುತ್ತಲಿನ ಕವರ್ ಬಂದು ಫ್ಯಾನಿನ ರೆಕ್ಕೆಗೆ ತಾಗುತ್ತದೆ. ಕವರಿನ ಬೋಲ್ಟು ಬಿಚ್ಚಿ ಹಿಂದಕ್ಕೆ ಸರಿಸಿಡಿ, ಮೇಲಿನ ಕೆಳಗಿನ ನೀರಿನ ಪೈಪ್ ಎಳೆಯುತ್ತಿಲ್ಲ ತಾನೇ ನೋಡಿ.

ಎತ್ತುವುದು

ಎರಡೂ ಕಡೆ ಒಟ್ಟಿಗೆ ಎತ್ತಬೇಡಿ. ಬಲಗಡೆ ಎತ್ತುವುದಾದರೆ ಬಲಗಡೆಯ ಬೋಲ್ಟುಗಳನ್ನು ಪೂರ್ತಿ ತೆಗೆಯಿರಿ. ಎಡಗಡೆಯವು ಸಡಿಲವಾಗಿ, ಆದರೆ ತಿರುಪಿನಲ್ಲೇ ಇರಲಿ. ಆಗ ಕ್ಯಾಬಿನ್ ಎಡಗಡೆಯ ಆಧಾರದ ಮೇಲೆ ಮೆಲ್ಲಗೆ ಏಳುತ್ತದೆ, ಪಕ್ಕಕ್ಕೆ ಜಾರುವುದಿಲ್ಲ. ಸಡಿಲ ಮಾಡದೆ ಎತ್ತಿದರೆ ತಗಡು ತಿರುಚುತ್ತದೆ.

ಜಾಕಿ ಇಡುವುದು ನೆಲದ ತೆಳು ತಗಡಿಗಲ್ಲ, ಕ್ಯಾಬಿನ್ ತಳದಲ್ಲಿ ಉದ್ದಕ್ಕೆ ಹೋಗುವ ಗಟ್ಟಿ ಪಟ್ಟಿಗೆ. ಜಾಕಿಗೂ ಅದಕ್ಕೂ ನಡುವೆ ಎರಡು ಇಂಚು ದಪ್ಪದ, ಒಂದಡಿಗಿಂತ ಉದ್ದದ ಮರದ ಹಲಗೆ ಕೊಡಿ, ಭಾರ ಹರಡಲಿ. ಒಬ್ಬರು ಜಾಕಿ ಹಿಡಿಯಲಿ, ಇನ್ನೊಬ್ಬರು ಸುತ್ತ ಓಡಾಡುತ್ತಾ ಪೈಪು, ಶಾಫ್ಟು, ಫ್ಯಾನ್ ಕವರ್, ಬಂಪರ್, ಹಿಂದಿನ ಸಂದು ನೋಡುತ್ತಿರಲಿ. ಸ್ವಲ್ಪ ಎತ್ತಿ, ನಿಲ್ಲಿಸಿ, ನೋಡಿ, ಮತ್ತೆ ಸ್ವಲ್ಪ. ಏನಾದರೂ ಬಿಗಿಯಾದ ಹಾಗೆ ಕಂಡರೆ ಬಲ ಹಾಕಬೇಡಿ, ಏನೋ ಒಂದು ಬಿಡಿಸುವುದು ಮರೆತಿದೆ ಅಂತಲೇ ಅರ್ಥ.

ಬೇಕಾದಷ್ಟು ಎದ್ದ ಮೇಲೆ ಚಾಸಿಗೂ ಕ್ಯಾಬಿನ್ನಿಗೂ ನಡುವೆ ಎರಡು ಕಡೆ ಗಟ್ಟಿ ಮರದ ತುಂಡು ತೂರಿಸಿ, ಭಾರ ಅದರ ಮೇಲೆ ಕೂರುವಂತೆ ಜಾಕಿಯನ್ನು ಒಂಚೂರು ಇಳಿಸಿ. ಇದನ್ನು ಮಾಡದೆ ಆ ಸಂದಿಗೆ ಬೆರಳು ಹಾಕಬಾರದು. ಜಾಕಿಯ ಸೀಲ್ ಬಿಟ್ಟರೆ ಬೆರಳು ತೆಗೆಯಲು ಸಮಯ ಸಿಗುವುದಿಲ್ಲ. ಇಟ್ಟಿಗೆ, ಹಾಲೋ ಬ್ಲಾಕ್ ಬೇಡ, ಅವು ಒಡೆಯುತ್ತವೆ.

ಹಳೇ ಬುಷ್ ತೆಗೆಯುವಾಗ ಬ್ರಾಕೆಟ್ಟಿಗೂ ರಬ್ಬರಿಗೂ ನಡುವೆ ತೆಳುವಾದ ಕಬ್ಬಿಣದ ಬಿಲ್ಲೆ ಇದೆಯಾ ನೋಡಿ. ತುಕ್ಕಿನಲ್ಲಿ ಬ್ರಾಕೆಟ್ಟಿಗೇ ಅಂಟಿಕೊಂಡಿರುತ್ತದೆ, ಎಷ್ಟೋ ಸಲ ಕಾಣುವುದೇ ಇಲ್ಲ. ಕ್ಯಾಬಿನ್ ಮಟ್ಟ ಹೊಂದಿಸಲು ಇಟ್ಟ ಶಿಮ್ ಅದು. ಯಾವ ಮೂಲೆಯಲ್ಲಿ ಎಷ್ಟಿದ್ದವು ಅಂತ ಚಾಕ್‌ನಲ್ಲಿ ಅಲ್ಲೇ ಬರೆದಿಡಿ, ಅಷ್ಟನ್ನೇ ಮತ್ತೆ ಹಾಕಿ.

ಬ್ರಾಕೆಟ್ ನೋಡದೆ ಮುಂದೆ ಹೋಗಬೇಡಿ

ಬುಷ್ ಕೈಗೆ ಬಂದ ಖುಷಿಯಲ್ಲಿ ಎಲ್ಲರೂ ಹೊಸದನ್ನು ಇಟ್ಟು ಬಿಗಿದುಬಿಡುತ್ತಾರೆ. ನನಗೆ ಬೇಜಾರಾಗುವುದು ಇಲ್ಲಿಯೇ. ಕ್ಯಾಬಿನ್ ಎದ್ದು ನಿಂತಿರುವ ಈ ಒಂದು ಗಂಟೆ ಬಿಟ್ಟರೆ ಆ ಜಾಗ ನಿಮಗೆ ಮತ್ತೆ ವರ್ಷಗಟ್ಟಲೆ ಕಾಣುವುದಿಲ್ಲ. ರಬ್ಬರಿನ ಅಡಿಯಲ್ಲಿ ನೀರು ನಿಂತು ನಿಂತು, ಹೊರಗಿಂದ ಚೆನ್ನಾಗಿ ಕಾಣುವ ಬ್ರಾಕೆಟ್ ನಡುವಿನ ತೂತಿನ ಸುತ್ತ ಪದರ ಪದರವಾಗಿ ಎದ್ದಿರುತ್ತದೆ.

ತಂತಿ ಬ್ರಷ್ ಹಾಕಿ ಉಜ್ಜಿ. ಸುತ್ತಿಗೆಯ ಮೊನೆಯಿಂದ ತೂತಿನ ಸುತ್ತ ತಟ್ಟುತ್ತಾ ಬನ್ನಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ. ಸದ್ದು ಮಂಕಾಗಿ, ಸಿಪ್ಪೆ ಉದುರಿದರೆ ಅಲ್ಲಿ ತಗಡು ತೆಳುವಾಗಿದೆ. ತೂತು ದುಂಡಗಿರಬೇಕು, ಎಳೆದು ಉದ್ದವಾಗಿದ್ದರೆ ಹೊಸ ಬುಷ್ ಅಲ್ಲಿ ನಿಲ್ಲುವುದಿಲ್ಲ. ಬ್ರಾಕೆಟ್ ಚಾಸಿಗೆ ಸೇರುವ ವೆಲ್ಡಿಂಗ್ ಗೆರೆಯನ್ನೂ ನೋಡಿ, ಕೂದಲೆಳೆ ಬಿರುಕು ಅಲ್ಲೇ ಶುರುವಾಗುವುದು. ಕ್ಯಾಬಿನ್ ಕಡೆಯ ತಳಪಟ್ಟಿಯನ್ನೂ ಹೀಗೇ ತಟ್ಟಿ ನೋಡಿ.

ಮೇಲ್ಮೈ ತುಕ್ಕು ಮಾತ್ರ ಆಗಿದ್ದರೆ ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು, ಒಣಗಿದ ಮೇಲೆ ಚಾಸಿ ಕಪ್ಪು ಹಚ್ಚಿ. ಬಣ್ಣ ಪೂರ್ತಿ ಒಣಗಿದ ಮೇಲೇ ಬುಷ್ ಇಡಿ, ಹಸಿ ಬಣ್ಣದ ಮೇಲೆ ಇಟ್ಟರೆ ಕಿತ್ತು ಬರುತ್ತದೆ. ತಗಡು ತಿಂದು ಹೋಗಿದ್ದರೆ ಮೇಲೊಂದು ಪ್ಯಾಚ್ ಅಂಟಿಸುವ ಕೆಲಸ ಬೇಡ, ಟಿಂಕರಿಂಗ್‌ನಲ್ಲಿ ಪಳಗಿದವರಿಂದ ಹಾಳಾದ ಭಾಗ ಕತ್ತರಿಸಿ ಅದೇ ದಪ್ಪದ ಹೊಸ ಪ್ಲೇಟ್ ಹಾಕಿಸಿ. ವೆಲ್ಡಿಂಗ್ ಹೊತ್ತಿಗೆ ಬ್ಯಾಟರಿ ಬಿಚ್ಚಿರಬೇಕು, ಅರ್ತ್ ಕ್ಲಿಪ್ಪನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಹಿಡಿಸಬೇಕು, ಹೊಸ ರಬ್ಬರ್ ಹತ್ತಿರ ಇರಬಾರದು. ಚಾಸಿ ನಂಬರ್ ಕೊರೆದಿರುವ ಜಾಗ ಎಲ್ಲಿ ಅಂತ ಮೊದಲೇ ನೋಡಿಕೊಂಡು ಅದರ ಹತ್ತಿರ ಗ್ರೈಂಡರ್ ಹೋಗದಂತೆ ನೋಡಿಕೊಳ್ಳಿ. ನಂಬರ್ ಅಳಿಸಿದರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಹೊತ್ತಿಗೆ ಆಗುವ ಪಾಡು ಬೇಡ. 8 ವರ್ಷ ದಾಟಿದ ಸರಕು ಗಾಡಿಗೆ ಹೇಗೂ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಅದಕ್ಕೆ ತಿಂಗಳು ಮೊದಲೇ ಈ ಕೆಲಸ ಇಟ್ಟುಕೊಂಡರೆ ಚಾಸಿಯ ಸ್ಥಿತಿ ಏನು ಅಂತ ನಿಮಗೇ ಗೊತ್ತಿರುತ್ತದೆ.

ಹೊಸದನ್ನು ಕೂರಿಸುವುದು

ರಬ್ಬರ್ ಬಿಗಿಯಾಗಿ ಕೂರುತ್ತಿಲ್ಲ ಅಂತ ಗ್ರೀಸ್ ಅಥವಾ ಡೀಸೆಲ್ ಹಚ್ಚಬೇಡಿ, ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಸೋಪಿನ ನೀರು ಸಾಕು. ಬ್ರಾಕೆಟ್ಟಿನ ಮೇಲೆ ಉಳಿದ ಎಣ್ಣೆಯನ್ನೂ ಒರೆಸಿ ತೆಗೆಯಿರಿ. ಸ್ಲೀವಿನ ಒಳಗೆ, ಬೋಲ್ಟಿನ ಮೈಗೆ ಮಾತ್ರ ತೆಳುವಾಗಿ ಗ್ರೀಸ್ ಹಚ್ಚಬಹುದು, ಮುಂದೊಂದು ದಿನ ಬಿಚ್ಚುವವರು ನಿಮ್ಮನ್ನು ನೆನೆಯುತ್ತಾರೆ. ತಿರುಪಿಗೆ ಗ್ರೀಸ್ ಇದ್ದರೆ ಅದೇ ಬಲಕ್ಕೆ ಬೋಲ್ಟು ಜಾಸ್ತಿ ಬಿಗಿಯುತ್ತದೆ ಅನ್ನುವುದು ಗಮನದಲ್ಲಿರಲಿ.

ಮೇಲಿನ ದಪ್ಪ ಬುಷ್ ಇಟ್ಟು, ಸ್ಲೀವ್ ಹಾಕಿ, ಕ್ಯಾಬಿನ್ನನ್ನು ಮೆಲ್ಲಗೆ ಇಳಿಸುತ್ತಾ ಬನ್ನಿ. ತೂತುಗಳು ನೇರಕ್ಕೆ ಬಾರದಿದ್ದರೆ ಮೊನೆಯಿರುವ ರಾಡ್ ಹಾಕಿ ಹೊಂದಿಸಿ, ಬೆರಳು ಹಾಕಿ ನೋಡಬೇಡಿ. ಕೆಳಗಿನ ರಬ್ಬರ್, ವಾಷರ್, ಬೋಲ್ಟು ಎಲ್ಲ ಹಾಕಿ ಕೈಯಲ್ಲೇ ನಾಲ್ಕು ಸುತ್ತು ಹೋಗುವಷ್ಟು ತಿರುಗಿಸಿ ಬಿಡಿ. ಕೈಯಲ್ಲಿ ಹೋಗದ ಬೋಲ್ಟಿಗೆ ಸ್ಪ್ಯಾನರ್ ಹಾಕಬೇಡಿ, ತಿರುಪು ಹತ್ತಿಕೊಂಡಿರುತ್ತದೆ. ಒಂದು ಕಡೆ ಮುಗಿದ ಮೇಲೆ ಇನ್ನೊಂದು ಕಡೆ ಇದೇ ಥರ. ಎಲ್ಲ ಬುಷ್ ಕೂತು, ಎಲ್ಲ ಬೋಲ್ಟು ಸಡಿಲವಾಗಿ ಹಿಡಿದ ಮೇಲೇ ಬಿಗಿಯಲು ಶುರು ಮಾಡಿ.

ಬಿಗಿಯುವ ಮೊದಲು ಬರೆದಿಟ್ಟ ಅಳತೆ ತೆಗೆಯಿರಿ. ಕ್ಯಾಬಿನ್ನಿಗೂ ಲೋಡ್ ಬಾಡಿಗೂ ನಡುವಿನ ಸಂದು ಎರಡೂ ಕಡೆ ಸಮ ಇದೆಯಾ? ಇಲ್ಲದಿದ್ದರೆ ಬೋಲ್ಟು ಸಡಿಲ ಇರುವಾಗಲೇ ಮರದ ತುಂಡು ಕೊಟ್ಟು ರಾಡಿನಲ್ಲಿ ಮೀಟಿ ಸರಿಸಬಹುದು. ಆಮೇಲೆ ಮುಂದಿನ ಎಡ, ಹಿಂದಿನ ಬಲ, ಹೀಗೆ ಅಡ್ಡಡ್ಡಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ. ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಕೊಟ್ಟಿರುವ ಟಾರ್ಕ್ (ಬೋಲ್ಟು ಬಿಗಿಯುವ ತಿರುಚು ಬಲ) ಅಂಕಿಯೇ ಸರಿಯಾದದ್ದು, ಮೌಂಟಿಂಗಿಗೆ ಅದು ಕಡಿಮೆಯೂ ಇರಬಹುದು. ಒಂದು ಅಂದಾಜಿಗೆ ಹೇಳುವುದಾದರೆ 8.8 ದರ್ಜೆಯ 10 ಎಂಎಂ ಬೋಲ್ಟು ತಡೆಯುವುದು ಸುಮಾರು 45 ನ್ಯೂಟನ್ ಮೀಟರ್, 12 ಎಂಎಂ ಆದರೆ ಸುಮಾರು 80. ಅದಕ್ಕಿಂತ ಮೇಲೆ ಹೋಗಲೇಬೇಡಿ. ವಾಷರ್ ಸ್ಲೀವಿಗೆ ತಾಗಿ ನಿಂತದ್ದು ಸ್ಪ್ಯಾನರ್ ಹಿಡಿದ ಕೈಗೇ ತಿಳಿಯುತ್ತದೆ, ಮೆತ್ತಗಿದ್ದದ್ದು ಒಮ್ಮೆಲೇ ಗಟ್ಟಿಯಾಗುತ್ತದೆ. ಸ್ಲೀವ್ ಇಲ್ಲದ ಹಳೇ ವಿನ್ಯಾಸವಾದರೆ ಈ ಅಂಕಿಗಳನ್ನು ಮರೆತುಬಿಡಿ. ರಬ್ಬರ್ ಸ್ವಲ್ಪ ಹೊಟ್ಟೆ ಉಬ್ಬುವವರೆಗೆ ಬಿಗಿದು, ನೈಲಾನ್ ಇರುವ ಲಾಕ್ ನಟ್ ಅಥವಾ ಎರಡು ನಟ್ಟು ಹಾಕಿ ನಿಲ್ಲಿಸಿ.

ಗಾಡಿ ತೆಗೆಯುವ ಮೊದಲು

ಹೊಸ ಬುಷ್ ಹಾಕಿದಾಗ ಕ್ಯಾಬಿನ್ ಮೊದಲಿಗಿಂತ ಎತ್ತರಕ್ಕೆ ಬಂದಿರುತ್ತದೆ, ಒಂದು ಸೆಂಟಿಮೀಟರ್ ಹತ್ತಿರ ಬಂದರೂ ಆಶ್ಚರ್ಯವಿಲ್ಲ. ಹಾಗಾಗಿ ಬಿಡಿಸಿದ್ದನ್ನೆಲ್ಲ ಹಾಕಿದ ಮೇಲೆ ಎಂಜಿನ್ ಆಫ್ ಇರುವಾಗಲೇ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿವರೆಗೆ ತಿರುಗಿಸಿ, ಎಲ್ಲೂ ಹಿಡಿಯಬಾರದು. ಶಾಫ್ಟಿನ ಬೋಲ್ಟು ಬಿಚ್ಚಿದ್ದರೆ ಅದನ್ನು ಬಿಗಿದದ್ದನ್ನು ಇಬ್ಬರೂ ಕಣ್ಣಾರೆ ನೋಡಿ. ಎಲ್ಲ ಗೇರ್ ಹಾಕಿ ನೋಡಿ, ಲಿವರ್ ನೆಲದ ತೂತಿನ ಅಂಚಿಗೆ ತಾಗಬಾರದು. ಬ್ರೇಕ್ ಪೆಡಲ್ ಒಂದು ನಿಮಿಷ ಒತ್ತಿ ಹಿಡಿದುಕೊಳ್ಳಿ, ಇನ್ನೊಬ್ಬರು ಪೈಪಿನ ಜಾಯಿಂಟುಗಳಲ್ಲಿ ಒದ್ದೆ ಇದೆಯಾ ನೋಡಲಿ. ಫ್ಯಾನನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ. ಆಮೇಲೆ ಬ್ಯಾಟರಿ, ಲೈಟು, ಹಾರ್ನ್. ಸ್ಟಾರ್ಟ್ ಮಾಡಿದಾಗ ಮೀಟರ್ ಬೋರ್ಡಿನ ದೀಪಗಳು ಮಂಕಾಗಿ ಕುಣಿದರೆ ಅರ್ತ್ ಪಟ್ಟಿ ಸರಿಯಾಗಿ ಕೂತಿಲ್ಲ, ಅದರ ಜಾಗ ಉಜ್ಜಿ ಮತ್ತೆ ಬಿಗಿಯಿರಿ.

ಬಾಗಿಲಿನ ಹಿಂಜ್ ಈಗ ನೋಡಬಹುದು, ಅದೂ ಒಂದೆರಡು ದಿನ ಓಡಿಸಿದ ಮೇಲೆ. ಬಹಳ ಗಾಡಿಗಳಲ್ಲಿ ಆ ಕೆಲಸವೇ ಬೇಕಾಗುವುದಿಲ್ಲ. ವೀಲ್ ಅಲೈನ್‌ಮೆಂಟ್ ಮಾಡಿಸಿ ಅಂತ ಯಾರಾದರೂ ಹೇಳಿದರೆ ಇದಕ್ಕಾಗಿ ಬೇಕಿಲ್ಲ, ಚಕ್ರಗಳೆಲ್ಲ ಚಾಸಿಗೆ ಸೇರಿದವು, ಅವನ್ನು ನೀವು ಮುಟ್ಟಿಲ್ಲ.

ಮೊದಲ ದಿನವೇ ತುಂಬು ಲೋಡ್ ಹಾಕಬೇಡಿ. ಖಾಲಿ ಗಾಡಿಯಲ್ಲಿ ಹಂಪ್ ಇರುವ ರಸ್ತೆಗೆ ಹೋಗಿ, ಗ್ಲಾಸ್ ಇಳಿಸಿ ಕಿವಿಗೊಟ್ಟು ಓಡಿಸಿ. ಹೊಸ ರಬ್ಬರ್ ಸ್ವಲ್ಪ ಗಟ್ಟಿ ಅನ್ನಿಸುವುದು ಸಹಜ, ಕೂತುಕೊಳ್ಳಲು ಸ್ವಲ್ಪ ದಿನ ಬೇಕು. 500 ಕಿಲೋಮೀಟರ್ ಆದ ಮೇಲೆ ಎಲ್ಲ ಬೋಲ್ಟಿಗೂ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿ, ಒಂದೆರಡು ಕಾಲು ಸುತ್ತು ತಗೊಳ್ಳುತ್ತವೆ. ಬಿಗಿದ ಮೇಲೆ ಬೋಲ್ಟಿನ ತಲೆಯಿಂದ ವಾಷರ್ ಮೇಲಕ್ಕೆ ಬಿಳಿ ಬಣ್ಣದ ಒಂದು ಗೆರೆ ಎಳೆದುಬಿಡಿ. ಆಮೇಲೆ ಆಯಿಲ್ ಚೇಂಜಿಗೆ ಗಾಡಿ ಎತ್ತಿದಾಗಲೆಲ್ಲ ಟಾರ್ಚ್ ಬಿಟ್ಟರೆ ಸಾಕು, ಗೆರೆ ಮುರಿದಿದ್ದರೆ ಆ ಬೋಲ್ಟು ತಿರುಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಗಾಡಿ ತೊಳೆಯುವಾಗ ಬ್ರಾಕೆಟ್ಟಿನ ಮೂಲೆಗಳಿಗೆ ಒಳಗಿಂದ ನೀರು ಬಿಟ್ಟು ಮಣ್ಣು ತೆಗೆಯಿರಿ. ಮೀನು ಗಾಡಿಯಾದರೆ ವಾರಕ್ಕೊಮ್ಮೆಯಾದರೂ ಸಿಹಿನೀರು ಹಾಯಿಸಿ.